ಚಂದ್ರನ ಮೇಲಿನ ವಿಕ್ರಮ್, ಪ್ರಜ್ಞಾನ್ ಚಿತ್ರ ಬರೆಯುವುದು ಹೇಗೆ: ನೆರಳಿನಿಂದ ಶುರು ಮಾಡಿ

2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಚಂದ್ರನ ಮೇಲೆ ಇಳಿಯಿತು. ಆ ವಾರವೇ ನಾನು ಹಾಳೆ ಹರಡಿಕೊಂಡು ಕೂತೆ. ವಿಕ್ರಮ್ ಇಳಿದ ಜಾಗ, ಪಕ್ಕದಲ್ಲಿ ಅದರ ಪುಟ್ಟ ರೋವರ್ ಗಾಡಿ ಪ್ರಜ್ಞಾನ್, ಹಿಂದೆ ಚೂಪು ಬೆಟ್ಟಗಳು, ಮೇಲೆ ತುಂಬಾ ನಕ್ಷತ್ರ. ಮುಗಿದ ಮೇಲೆ ಅಕ್ಕನ ಮಗಳಿಗೆ ತೋರಿಸಿದೆ. ಅವಳಿಗೆ ಆಗ ಹನ್ನೊಂದು ವರ್ಷ. ಸ್ವಲ್ಪ ಹೊತ್ತು ನೋಡಿ ಕೇಳಿದಳು: "ಅಲ್ಲಿ ಎರಡು ಸೂರ್ಯ ಇದೆಯಾ ಮಾಮ?"

ಅವಳ ಪ್ರಶ್ನೆ ಸರಿಯಾಗಿತ್ತು. ವಿಕ್ರಮ್‌ನ ನೆರಳು ಎಡಕ್ಕೆ ಬಿದ್ದಿತ್ತು, ಪ್ರಜ್ಞಾನ್‌ನದ್ದು ಬಲಕ್ಕೆ. ಎರಡು ಬೇರೆ ಬೇರೆ ಫೋಟೋ ನೋಡಿ ಬರೆದಿದ್ದೆ. ಯಂತ್ರಗಳ ಒಂದೊಂದು ಸ್ಕ್ರೂ ಕೂಡ ಬಿಡದೆ ಬರೆದವನು ಬೆಳಕು ಎಲ್ಲಿಂದ ಬರುತ್ತಿದೆ ಎಂದು ಯೋಚಿಸಿರಲಿಲ್ಲ.

ಆಮೇಲೆ ಅದೇ ಜಾಗವನ್ನು ತುಂಬಾ ಸಲ ಬರೆದಿದ್ದೇನೆ. ಈಗ ನಾನು ಬೆಳಕು ಮತ್ತು ನೆರಳನ್ನು ಮೊದಲು ಲೆಕ್ಕ ಹಾಕುತ್ತೇನೆ, ಯಂತ್ರವನ್ನು ಕೊನೆಗೆ ಬರೆಯುತ್ತೇನೆ. ಚಂದ್ರನ ಮೇಲೆ ಗಾಳಿ ಇಲ್ಲ, ಮೋಡ ಇಲ್ಲ, ಗಿಡ ಇಲ್ಲ. ಅಲ್ಲಿ ಬರೆಯಲು ಇರುವುದೇ ಬೆಳಕು. ಅದು ಸರಿಯಾದರೆ ಬೆಂಕಿಪೊಟ್ಟಣದಂಥ ವಿಕ್ರಮ್ ಬರೆದರೂ ನೋಡಿದವರು ನಂಬುತ್ತಾರೆ. ಈ ಮಾರ್ಗದರ್ಶಿಯಲ್ಲಿ ಒಂದೇ ಚಿತ್ರವನ್ನು ಮೊದಲಿಂದ ಕೊನೆಯವರೆಗೆ ಬರೆಯೋಣ.

ಏನೇನು ಬೇಕು

ಪೋಸ್ಟರ್ ಕಲರ್ ಸಾಕು. ಬಣ್ಣಗಳಲ್ಲಿ ಅಲ್ಟ್ರಾಮರೀನ್ ಬ್ಲೂ, ಬರ್ನ್ಟ್ ಸಿಯೆನಾ, ಯೆಲ್ಲೋ ಆಕರ್, ಲೆಮನ್ ಯೆಲ್ಲೋ, ಕಪ್ಪು, ಬಿಳಿ. ಬಿಳಿ ಜಾಸ್ತಿ ಇರಲಿ. ಎ3 ಅಳತೆಯ ದಪ್ಪ ಹಾಳೆ, 300 ಜಿಎಸ್‌ಎಮ್ ಆದರೆ ಒಳ್ಳೆಯದು. ತೆಳು ಹಾಳೆ ಆಕಾಶದ ಕಪ್ಪು ಬಳಿಯುವಾಗಲೇ ಸುರುಟಿಕೊಳ್ಳುತ್ತದೆ. ಒಂದು ಇಂಚಿನ ಚಪ್ಪಟೆ ಬ್ರಷ್, 6 ಮತ್ತು 1ನೇ ನಂಬರಿನ ದುಂಡು ಬ್ರಷ್, ಹಳೆಯ ಟೂತ್‌ಬ್ರಷ್, ಮಾಸ್ಕಿಂಗ್ ಟೇಪ್, ಪೆನ್ಸಿಲ್, ಸ್ಕೇಲ್, ಕೋನಮಾಪಕ. ಇವುಗಳ ಜೊತೆಗೆ ಒಂದು ಅಗಲವಾದ ಟ್ರೇ, ಜರಡಿ ಹಿಡಿದ ಒಲೆ ಬೂದಿ, ಒಂದು ಟಾರ್ಚ್. ಇವು ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಹೆಜ್ಜೆ 1: ದಿನ ಮತ್ತು ಹೊತ್ತು ಗೊತ್ತು ಮಾಡಿಕೊಳ್ಳಿ

"ಚಂದ್ರನ ಮೇಲೆ ವಿಕ್ರಮ್" ಅಂತ ಸುಮ್ನೆ ಹೊರಟರೆ ಸಾಲದು. ಯಾವತ್ತು, ಎಷ್ಟು ಹೊತ್ತಿಗೆ ಎಂಬುದು ಬೇಕು. ನಾವು 2023ರ ಆಗಸ್ಟ್ 25ರ ಸಂಜೆಯನ್ನು ಹಿಡಿಯೋಣ, ಭಾರತದಲ್ಲಿ ಆರು ಗಂಟೆಯ ಸುಮಾರು. ಪ್ರಜ್ಞಾನ್ ಆಗಲೇ ಇಳಿಜಾರು ಹಲಗೆಯಿಂದ ಇಳಿದು ಸುಮಾರು 8 ಮೀಟರ್ ಓಡಾಡಿದೆ ಎಂದು ಇಸ್ರೋ ಆ ದಿನ ತಿಳಿಸಿತ್ತು.

ಇಳಿದ ಜಾಗ ಚಂದ್ರನ ದಕ್ಷಿಣಕ್ಕೆ, 69 ಡಿಗ್ರಿ ಅಕ್ಷಾಂಶಕ್ಕೂ ಸ್ವಲ್ಪ ಆಚೆ. ಚಂದ್ರನ ಅಕ್ಷ ಹೆಚ್ಚು ಓರೆಯಾಗಿಲ್ಲ, ಒಂದೂವರೆ ಡಿಗ್ರಿ ಅಷ್ಟೇ. ಹಾಗಾಗಿ ಆ ಜಾಗದಲ್ಲಿ ನಡು ಮಧ್ಯಾಹ್ನವೂ ಸೂರ್ಯ 20 ಡಿಗ್ರಿಯ ಆಸುಪಾಸಿಗಿಂತ ಮೇಲೇರುವುದಿಲ್ಲ. ನಮ್ಮಲ್ಲಿ ಬೆಳಗ್ಗೆ ಏಳೂವರೆಗೆ ಇರುವ ಬಿಸಿಲು ಹೇಗಿರುತ್ತದೆ ನೋಡಿ. ಅಲ್ಲಿ ಅದೇ ಮಧ್ಯಾಹ್ನದ ಬಿಸಿಲು. ನಾವು ಹಿಡಿದ ಹೊತ್ತಿಗೆ ಸೂರ್ಯ ಇನ್ನೂ ಕೆಳಗೆ, ಸುಮಾರು 15 ಡಿಗ್ರಿಯಲ್ಲಿ ಈಶಾನ್ಯಕ್ಕೆ ಇರುತ್ತಾನೆ.

15 ಡಿಗ್ರಿಯ ಬಿಸಿಲಲ್ಲಿ ಒಂದು ವಸ್ತುವಿನ ನೆರಳು ಅದರ ಎತ್ತರದ ಮೂರೂಮುಕ್ಕಾಲು ಪಟ್ಟು ಉದ್ದ ಇರುತ್ತದೆ. ವಿಕ್ರಮ್ ಕಾಲು ಸೇರಿ 2 ಮೀಟರ್ ಎತ್ತರ ಎಂದುಕೊಂಡರೆ ನೆರಳು ಏಳೂವರೆ ಮೀಟರ್. ಎರಡು ಕಾರು ಸಾಲಾಗಿ ನಿಲ್ಲಿಸಿದಷ್ಟು ಉದ್ದ! ವಿಕ್ರಮ್‌ನ ಕಾಲ ಕೆಳಗೆ ಒಂದು ಪುಟ್ಟ ಕಪ್ಪು ಕಲೆ ಹಾಕಿ ಬಿಟ್ಟಿರುವ ಚಿತ್ರಗಳನ್ನು ನೀವು ನೋಡಿರುತ್ತೀರಿ. ಅವು ಕೃತಕವಾಗಿ ಕಾಣುವುದು ಇದಕ್ಕೇ.

ಹೆಜ್ಜೆ 2: ಭೂಮಿ ಎಲ್ಲಿ, ಎಷ್ಟು ದೊಡ್ಡದು

ಒಂದು ಸಣ್ಣ ಲೆಕ್ಕ ಕಲಿತರೆ ಎಲ್ಲ ಗ್ರಹ, ಉಪಗ್ರಹದ ಚಿತ್ರಕ್ಕೂ ಆಗುತ್ತದೆ. ಆಕಾಶದಲ್ಲಿ ಕಾಣುವ ವಸ್ತುವಿನ ವ್ಯಾಸವನ್ನು ಅದರ ದೂರದಿಂದ ಭಾಗಿಸಿ, 57.3ರಿಂದ ಗುಣಿಸಿ. ಬರುವುದು ಡಿಗ್ರಿ. ಭೂಮಿಯ ವ್ಯಾಸ 12,742 ಕಿ.ಮೀ, ದೂರ 3,84,400 ಕಿ.ಮೀ. ಉತ್ತರ 1.9 ಡಿಗ್ರಿ. ನಮಗೆ ಚಂದ್ರ ಕಾಣುವುದು ಅರ್ಧ ಡಿಗ್ರಿ. ಅಂದರೆ ಅಲ್ಲಿ ಭೂಮಿ ನಮ್ಮ ಚಂದ್ರನ ಮೂರೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ಅಗಲ.

ಈಗ ಹಾಳೆ. 42 ಸೆಂ.ಮೀ ಅಗಲದ ಹಾಳೆಯಲ್ಲಿ 60 ಡಿಗ್ರಿ ನೋಟ ತುಂಬಿಸುತ್ತೇವೆ ಎಂದುಕೊಳ್ಳಿ. ಒಂದು ಡಿಗ್ರಿಗೆ 7 ಮಿ.ಮೀ. ಹಾಗಾದರೆ ಭೂಮಿ ಸುಮಾರು 13 ಮಿ.ಮೀ ಮಾತ್ರ, ಅಂಗಿಯ ಗುಂಡಿಯಷ್ಟು. ಇಷ್ಟು ಚಿಕ್ಕದಾ ಅನ್ನಿಸುತ್ತದೆ ಅಲ್ವಾ? ಬಸ್ಸಿನ ಚಕ್ರದಷ್ಟು ಭೂಮಿ ಬರೆಯುವ ಆಸೆ ಎಲ್ಲರಿಗೂ ಆಗುತ್ತದೆ. ದಯವಿಟ್ಟು ಬೇಡ. ಆ ಪುಟ್ಟ ನೀಲಿ ಗುಂಡಿ ಕಪ್ಪು ಆಕಾಶದಲ್ಲಿ ಒಂಟಿಯಾಗಿದ್ದಾಗ ಬರುವ ದೂರದ ಭಾವನೆ ದೊಡ್ಡ ಭೂಮಿಯಿಂದ ಬರುವುದೇ ಇಲ್ಲ.

ಆ ಜಾಗದಿಂದ ಭೂಮಿ ದಿಗಂತದ ಮೇಲೆ ಸುಮಾರು 17 ಡಿಗ್ರಿಯಲ್ಲಿ, ಉತ್ತರಕ್ಕೂ ವಾಯವ್ಯಕ್ಕೂ ನಡುವೆ ಇರುತ್ತದೆ. ಅದು ಹುಟ್ಟುವುದಿಲ್ಲ, ಮುಳುಗುವುದಿಲ್ಲ. ಚಂದ್ರ ಭೂಮಿಗೆ ಒಂದೇ ಮುಖ ತೋರಿಸುವುದರಿಂದ ಭೂಮಿ ಅಲ್ಲೇ ಸ್ವಲ್ಪ ತೂಗಾಡುತ್ತಾ ನಿಂತಿರುತ್ತದೆ. ದಕ್ಷಿಣದ ತುದಿಯಿಂದ ನೋಡುವುದರಿಂದ ಅದು ತಲೆಕೆಳಗು: ದಕ್ಷಿಣ ಮೇಲೆ, ಪಶ್ಚಿಮ ಬಲಕ್ಕೆ.

ಭೂಮಿ ಎಷ್ಟು ಭಾಗ ಬೆಳಗಿ ಕಾಣುತ್ತದೆ ಎಂಬ ವಿಷಯ ಇನ್ನೊಂದಿದೆ. ನಮಗೆ ಚಂದ್ರ ಹೇಗೆ ಕಾಣುತ್ತದೋ ಅದರ ತಿರುಗು ಮುರುಗು ಅಲ್ಲಿ ಭೂಮಿಗೆ. ನಮಗೆ ಹುಣ್ಣಿಮೆಯಾದರೆ ಅಲ್ಲಿ ಭೂಮಿಯ ಅಮಾವಾಸ್ಯೆ. ಆಗಸ್ಟ್ 24ರಂದು ನಮಗೆ ಅರ್ಧ ಚಂದ್ರ. ಹಾಗಾಗಿ 25ರಂದು ಅಲ್ಲಿ ಭೂಮಿ ಅರ್ಧಕ್ಕಿಂತ ಚೂರು ಕಡಿಮೆ, ಬೆಳಗಿದ ಭಾಗ ಬಲಕ್ಕೆ. ಆ ಹೊತ್ತಿಗೆ ಭಾರತದಲ್ಲಿ ಸಂಜೆ. ಅಂದರೆ ಕತ್ತಲು ಬೆಳಕಿನ ಗೆರೆ ನಮ್ಮ ಊರುಗಳ ಮೇಲೇ ಹಾದು ಹೋಗುತ್ತಿರುತ್ತದೆ. ಬೆಳಗಿದ ಕಡೆ ಇರುವುದು ಅರಬ್ಬೀ ಸಮುದ್ರ, ಆಫ್ರಿಕಾ. ಇದು ಗೊತ್ತಾದಾಗ ನನಗೆ ತುಂಬಾ ಖುಷಿಯಾಯಿತು. ಪೂರ್ತಿ ದುಂಡಗಿನ ಭೂಮಿ, ನಡುವೆ ನೆಟ್ಟಗೆ ನಿಂತ ಭಾರತದ ನಕ್ಷೆ ಬರೆಯುವುದಕ್ಕಿಂತ ಇದು ಎಷ್ಟೋ ಚೆನ್ನಾಗಿದೆ.

ಹೆಜ್ಜೆ 3: ಬೂದಿಯ ಚಂದ್ರ

ಈ ಹೆಜ್ಜೆ ಬಿಡಬೇಡಿ. ಚಳ್ಳಕೆರೆ ಹತ್ತಿರ ಇಸ್ರೋದವರು ನೆಲದಲ್ಲಿ ಕುಳಿ ತೋಡಿ, ಮೇಲಿಂದ ವಿಮಾನ ಹಾರಿಸಿ ಇಳಿಯಲು ನೆರವಾಗುವ ಸೆನ್ಸರ್‌ಗಳನ್ನು ಪರೀಕ್ಷೆ ಮಾಡಿದ್ದರು. ನಾವು ಅದನ್ನೇ ಊಟದ ಮೇಜಿನ ಮೇಲೆ ಮಾಡೋಣ.

ಟ್ರೇಯಲ್ಲಿ ಎರಡು ಬೆರಳು ದಪ್ಪ ಬೂದಿ ಹರಡಿ. ಬೂದಿ ಸಿಗದಿದ್ದರೆ ಸಿಮೆಂಟ್ ಆಗುತ್ತದೆ, ಆದರೆ ಮೂಗಿಗೆ ಮಾಸ್ಕ್ ಇರಲಿ. ಮೇಲಿಂದ ಗೋಲಿ, ಕಡಲೆ ಕಾಳು, ಸಾಸಿವೆ ಬೀಳಿಸಿ. ಬಿದ್ದಲ್ಲಿ ಕುಳಿ ಆಗುತ್ತದೆ, ಸುತ್ತ ಅಂಚು ಎದ್ದು ನಿಲ್ಲುತ್ತದೆ, ಬೂದಿ ಆಚೀಚೆ ಸಿಡಿಯುತ್ತದೆ. ಬೀಳಿಸಿದ ಕಾಳನ್ನು ಚಿಮಟದಿಂದ ತೆಗೆಯಿರಿ. ಈಗ ಜರಡಿಯಿಂದ ತೆಳ್ಳಗೆ ಬೂದಿ ಉದುರಿಸಿ. ಅಂಚುಗಳು ಮೊಂಡಾಗುತ್ತವೆ. ಅವು ಹಳೆಯ ಕುಳಿಗಳು. ಅದರ ಮೇಲೆ ಮತ್ತೆ ನಾಲ್ಕು ಕಾಳು ಬೀಳಿಸಿ, ಅವು ಹೊಸವು. ಚಂದ್ರನ ನೆಲ ಹೀಗೇ ಆಗಿರುವುದು: ಕೋಟ್ಯಂತರ ವರ್ಷದಿಂದ ಸಣ್ಣ ಸಣ್ಣ ಕಲ್ಲುಗಳ ಪೆಟ್ಟು ತಿಂದು ಎಲ್ಲ ಚೂಪೂ ಸವೆದಿದೆ.

ಮಾದರಿಗೆ 50ರಲ್ಲಿ ಒಂದು ಅಳತೆ ಹಿಡಿಯಿರಿ. ವಿಕ್ರಮ್‌ನ ದೇಹ 2 ಮೀಟರ್ ಉದ್ದ, 2 ಮೀಟರ್ ಅಗಲ, ಸುಮಾರು 1.2 ಮೀಟರ್ ಎತ್ತರ. ಅದು 4 ಸೆಂ.ಮೀ.ನ ರಟ್ಟಿನ ಡಬ್ಬಿಯಾಗುತ್ತದೆ. ನಾಲ್ಕು ಮೂಲೆಗೆ ತಂತಿಯ ಕಾಲು. ಪ್ರಜ್ಞಾನ್ 92 ಸೆಂ.ಮೀ ಉದ್ದ, 75 ಸೆಂ.ಮೀ ಅಗಲ. ಅರ್ಧ ರಬ್ಬರ್ ತುಂಡು ಸಾಕು. ಎರಡರ ನಡುವೆ 16 ಸೆಂ.ಮೀ ಬಿಡಿ, ಅದೇ ಆ 8 ಮೀಟರ್.

ಕೋಣೆ ಕತ್ತಲು ಮಾಡಿ. ಟಾರ್ಚನ್ನು 2 ಮೀಟರ್ ದೂರದಲ್ಲಿ, ಟ್ರೇಗಿಂತ 54 ಸೆಂ.ಮೀ ಎತ್ತರದಲ್ಲಿ ಇಡಿ. ಆಗ 15 ಡಿಗ್ರಿ ಆಗುತ್ತದೆ. ಹತ್ತಿರ ಇಟ್ಟರೆ ನೆರಳುಗಳು ಬೀಸಣಿಗೆಯ ಹಾಗೆ ಹರಡುತ್ತವೆ. ಸೂರ್ಯನ ನೆರಳು ಹಾಗೆ ಹರಡುವುದಿಲ್ಲ. ಭೂಮಿಯ ಕಡೆ ನೋಡಿದಾಗ ಸೂರ್ಯ ಬಲಕ್ಕೆ ಸುಮಾರು 80 ಡಿಗ್ರಿ ತಿರುಗಿದರೆ ಸಿಗುತ್ತಾನೆ. ಟಾರ್ಚನ್ನೂ ಅಲ್ಲೇ ಇಡಿ: ಬಲ ಪಕ್ಕಕ್ಕೆ, ಚೂರೇ ಚೂರು ಮುಂದಕ್ಕೆ.

ಈಗ ಮೊಬೈಲನ್ನು ತಲೆಕೆಳಗು ಮಾಡಿ ಹಿಡಿಯಿರಿ. ಕ್ಯಾಮೆರಾ ಬೂದಿಯಿಂದ 2 ಸೆಂ.ಮೀ ಮೇಲೆ ಬರಲಿ. ಅದು ಚಂದ್ರನ ಮೇಲೆ 1 ಮೀಟರ್ ಎತ್ತರ, ಕೂತವರ ಕಣ್ಣಿನ ಮಟ್ಟ. ನಾನು ಮೊದಲ ಸಲ ಹೀಗೆ ನೋಡಿದಾಗ ಮೊಬೈಲ್ ಕೆಳಗಿಡಲು ಮನಸ್ಸೇ ಬರಲಿಲ್ಲ. ಮೇಲಿಂದ ದುಂಡಗೆ ಕಂಡ ಕುಳಿಗಳೆಲ್ಲ ಇಲ್ಲಿ ತೆಳು ಸೀಳುಗಳು. ಸೂರ್ಯನ ಕಡೆಯ ಒಳಗೋಡೆ ಕಪ್ಪು, ಆಚೆ ಗೋಡೆ ಬೆಳ್ಳಗೆ. ರಬ್ಬರ್ ತುಂಡಿನ ನೆರಳು ಒಂದು ಕುಳಿಯೊಳಗೆ ಇಳಿದು, ಬಗ್ಗಿ, ಮತ್ತೆ ಹತ್ತಿ ಹೋಗಿತ್ತು. ಸುಮ್ನೆ ಊಹೆ ಮಾಡಿ ಬರೆದಿದ್ದರೆ ಆ ಬಾಗು ನನಗೆ ಹೊಳೆಯುತ್ತಲೇ ಇರಲಿಲ್ಲ. ಇಪ್ಪತ್ತು ಮೂವತ್ತು ಫೋಟೋ ತೆಗೆದುಕೊಳ್ಳಿ.

ಹೆಜ್ಜೆ 4: ನಿಜವಾದ ಫೋಟೋಗಳನ್ನು ನೋಡಿ

ಆಗಸ್ಟ್ 30ರಂದು ಪ್ರಜ್ಞಾನ್ ತನ್ನ ನ್ಯಾವಿಗೇಷನ್ ಕ್ಯಾಮೆರಾದಿಂದ ವಿಕ್ರಮ್‌ನ ಫೋಟೋ ತೆಗೆಯಿತು. ಆ ಕ್ಯಾಮೆರಾ ಮಾಡಿದ್ದು ಬೆಂಗಳೂರಿನ ಲಿಯೋಸ್ ಪ್ರಯೋಗಾಲಯ. ವಿಕ್ರಮ್‌ನ ಆಕಾರಕ್ಕೆ ಅದಕ್ಕಿಂತ ಒಳ್ಳೆ ಆಧಾರ ಇಲ್ಲ. ನೆಲದ ಬಿಸಿ ಅಳೆಯುವ ಚೇಸ್ಟ್, ಕಂಪನ ಅಳೆಯುವ ಇಲ್ಸಾ ಎರಡೂ ಅದರಲ್ಲಿ ಕಾಣುತ್ತವೆ. ಇಸ್ರೋದ ಪ್ರದಾನ್ ಪೋರ್ಟಲ್‌ನಲ್ಲಿ ಚಂದ್ರಯಾನದ ದತ್ತಾಂಶ ಎಲ್ಲರಿಗೂ ಸಿಗುತ್ತದೆ, ಹೆಸರು ನೋಂದಾಯಿಸಬೇಕು ಅಷ್ಟೇ.

ಆದರೆ ಎಚ್ಚರ. ಫೋಟೋದಿಂದ ಆಕಾರ ತೆಗೆದುಕೊಳ್ಳಿ, ಬೆಳಕು ಬೇಡ. 30ರ ಸೂರ್ಯ ಬೇರೆ, ನಮ್ಮ 25ರ ಸೂರ್ಯ ಬೇರೆ. ನಾನು ಎಡವಿದ್ದು ಇಲ್ಲೇ. ಬೆಳಕು ಬೂದಿ ಟ್ರೇಯಿಂದಲೇ ಬರಲಿ.

ಹೆಜ್ಜೆ 5: ಪೆನ್ಸಿಲ್

ಹಾಳೆಯ ಕೆಳ ಅಂಚಿನಿಂದ 11 ಸೆಂ.ಮೀ ಮೇಲೆ ದಿಗಂತದ ಗೆರೆ. ವಿಕ್ರಮ್ 12 ಮೀಟರ್ ದೂರದಲ್ಲಿ, ಪ್ರಜ್ಞಾನ್ 5 ಮೀಟರ್ ದೂರದಲ್ಲಿ ಇರಲಿ. ಮೇಲಿನ ಲೆಕ್ಕವನ್ನೇ ಹಾಕಿದರೆ ವಿಕ್ರಮ್ ಹಾಳೆಯಲ್ಲಿ 6.7 ಸೆಂ.ಮೀ ಅಗಲ, ಪ್ರಜ್ಞಾನ್ 7.4 ಸೆಂ.ಮೀ ಉದ್ದ ಬರುತ್ತದೆ. ಚಿಕ್ಕ ಪ್ರಜ್ಞಾನ್ ಹತ್ತಿರ ಇರುವುದರಿಂದ ದೊಡ್ಡದಾಗಿ ಕಾಣುತ್ತದೆ. ಹಾಳೆಯ ನಡುವಿನಿಂದ ಎಡಕ್ಕೆ 8.4 ಸೆಂ.ಮೀ ದೂರದಲ್ಲಿ ವಿಕ್ರಮ್, ಬಲಕ್ಕೆ ಅಷ್ಟೇ ದೂರದಲ್ಲಿ ಪ್ರಜ್ಞಾನ್ ಇಟ್ಟರೆ ಅವೆರಡರ ನಡುವೆ ಸರಿಯಾಗಿ ಸುಮಾರು 8 ಮೀಟರ್ ಬೀಳುತ್ತದೆ.

ವಿಕ್ರಮ್‌ನ ಪಾದ ದಿಗಂತದಿಂದ 3.3 ಸೆಂ.ಮೀ ಕೆಳಗೆ, ಪ್ರಜ್ಞಾನ್‌ನ ಚಕ್ರ 8 ಸೆಂ.ಮೀ ಕೆಳಗೆ. ದಿಗಂತದ ಗೆರೆ ವಿಕ್ರಮ್‌ನ ನಡುವಿಗೆ ಬರುತ್ತದೆ, ಅದು ಸರಿಯೇ. ಭೂಮಿಯ ಜಾಗ ದಿಗಂತದಿಂದ 12 ಸೆಂ.ಮೀ ಮೇಲೆ. ಈಗ ಯಂತ್ರಗಳಿಗಿಂತ ಮೊದಲು ನೆರಳುಗಳ ಗೆರೆ ಎಳೆಯಿರಿ: ಎಲ್ಲವೂ ಎಡಕ್ಕೆ, ಚೂರು ನಮ್ಮ ಕಡೆಗೆ. ವಿಕ್ರಮ್‌ನ ನೆರಳು ಹಾಳೆಯ ಎಡ ಅಂಚು ದಾಟಿ ಹೊರಗೆ ಹೋಗುತ್ತದೆ. ಹೋಗಲಿ ಬಿಡಿ.

ಬೆಟ್ಟಗಳನ್ನು ಮೆತ್ತಗೆ, ತಗ್ಗಾಗಿ ಬರೆಯಿರಿ. ಚಂದ್ರನ ಮೇಲೆ ಈಟಿಯಂಥ ಶಿಖರಗಳಿರುತ್ತವೆ ಎಂದು ಜನ ಬಹಳ ಕಾಲ ಅಂದುಕೊಂಡಿದ್ದರು. ಅಮೆರಿಕದ ಚೆಸ್ಲಿ ಬೋನ್‌ಸ್ಟೆಲ್ ದೊಡ್ಡ ಕಲಾವಿದ. ಅವರು 1957ರಲ್ಲಿ ಬಾಸ್ಟನ್‌ನ ವಿಜ್ಞಾನ ಸಂಗ್ರಹಾಲಯಕ್ಕೆ 40 ಅಡಿ ಉದ್ದದ ಚಂದ್ರನ ಚಿತ್ರ ಬರೆದುಕೊಟ್ಟರು. ತುಂಬಾ ಚೂಪು ಬೆಟ್ಟಗಳು. ಅಪೊಲೊ ಗಗನಯಾತ್ರಿಗಳು ಹೋಗಿ ಬಂದ ಮೇಲೆ, 1970ರಲ್ಲಿ ಅದನ್ನು ಗೋಡೆಯಿಂದ ಇಳಿಸಿದರು. ಆದರೆ ಅವರಿಗಿಂತ ಮೊದಲೇ ಫ್ರಾನ್ಸ್‌ನ ಲೂಸಿಯೆನ್ ರುಡೊ ದುಂಡನೆಯ ಬೆಟ್ಟಗಳನ್ನು ಬರೆದಿದ್ದರು. ಅವರು ಟೆಲಿಸ್ಕೋಪಿನಲ್ಲಿ ಚಂದ್ರನ ಅಂಚನ್ನೇ ಗಮನಿಸಿ ನೋಡಿದ್ದರು. ಅಂಚಿನಲ್ಲಿ ಬೆಟ್ಟಗಳ ನಿಜವಾದ ಆಕಾರ ಕಾಣುತ್ತದಲ್ಲ! ನನಗೆ ಬೋನ್‌ಸ್ಟೆಲ್ ಚಿತ್ರಗಳೂ ಇಷ್ಟ. ಆದರೆ ದಾರಿ ತೋರಿಸುವವರು ಯಾರು ಎಂದರೆ ರುಡೊ ಅನ್ನುತ್ತೇನೆ.

ಹೆಜ್ಜೆ 6: ಬಣ್ಣ

ಮೊದಲು ಆಕಾಶ. ಭೂಮಿಯ ಜಾಗಕ್ಕೆ ಮಾಸ್ಕಿಂಗ್ ಟೇಪ್ ದುಂಡಗೆ ಕತ್ತರಿಸಿ ಅಂಟಿಸಿ. ಕಪ್ಪಿಗೆ ಚೂರು ಅಲ್ಟ್ರಾಮರೀನ್ ಬೆರೆಸಿ, ಚಪ್ಪಟೆ ಬ್ರಷ್‌ನಲ್ಲಿ ಅಡ್ಡಡ್ಡ ಬಳಿಯಿರಿ. ಒಣಗಿದ ಮೇಲೆ ಎರಡನೇ ಕೋಟ್ ಉದ್ದುದ್ದ. ಆಗ ಬ್ರಷ್ ಗೆರೆ ಕಾಣುವುದಿಲ್ಲ. ನಕ್ಷತ್ರ ಹಾಕಬೇಡಿ. ಬಿಸಿಲಿನ ನೆಲಕ್ಕೆ ಹೊಂದಿಸಿದ ಕ್ಯಾಮೆರಾಕ್ಕೆ ನಕ್ಷತ್ರ ಸಿಗುವುದಿಲ್ಲ.

ನೆಲಕ್ಕೆ ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನಾ ಸೇರಿಸಿ ಬೂದು ಬಣ್ಣ ಮಾಡಿ, ಬಿಳಿ ಬೆರೆಸಿ. ಸಿಯೆನಾ ಸ್ವಲ್ಪ ಮುಂದಿರಲಿ. ಕಪ್ಪು ಬಿಳಿ ಬೆರೆಸಿದ ಬೂದು ಸತ್ತ ಹಾಗೆ ಕಾಣುತ್ತದೆ. ಎಷ್ಟು ತಿಳಿ ಬೇಕು? ಇಲ್ಲಿ ಬಹಳ ಜನ ತಪ್ಪುತ್ತಾರೆ. ಚಂದ್ರನ ಮಣ್ಣು ಬಿದ್ದ ಬೆಳಕಲ್ಲಿ ನೂರಕ್ಕೆ ಹನ್ನೆರಡು ಪಾಲಿನಷ್ಟನ್ನೇ ಮರಳಿಸುತ್ತದೆ. ಹಳೆಯ ಡಾಂಬರು ರಸ್ತೆಯ ಹಾಗೆ. ಕಪ್ಪು ಆಕಾಶದ ಪಕ್ಕ ಇರುವುದರಿಂದ ಬೆಳ್ಳಗೆ ಅನ್ನಿಸುತ್ತದೆ ಅಷ್ಟೇ. ಹಾಗಾಗಿ ನೆಲ ಮಧ್ಯಮ ಬೂದು. ಅಚ್ಚ ಬಿಳಿಯನ್ನು ಭೂಮಿಗೆ ಮತ್ತು ವಿಕ್ರಮ್‌ನ ಹೊಳಪಿಗೆ ಉಳಿಸಿಕೊಳ್ಳಿ. ಪೋಸ್ಟರ್ ಕಲರ್ ಒಣಗಿದಾಗ ತಿಳಿ ಬಣ್ಣ ಗಾಢವಾಗುತ್ತದೆ, ಗಾಢ ತಿಳಿಯಾಗುತ್ತದೆ. ಪಕ್ಕದ ಚೂರು ಹಾಳೆಯಲ್ಲಿ ಒಣಗಿಸಿ ನೋಡಿಯೇ ಮುಂದುವರಿಯಿರಿ.

ದೂರದ ಬೆಟ್ಟಕ್ಕೆ ನೀಲಿ ಬೆರೆಸುವ ಅಭ್ಯಾಸ ನಮಗೆಲ್ಲ ಇದೆ. ಮುಳ್ಳಯ್ಯನಗಿರಿ ಮೇಲೆ ನಿಂತು ನೋಡಿದರೆ ಬೆಟ್ಟದ ಹಿಂದೆ ಬೆಟ್ಟ, ಒಂದಕ್ಕಿಂತ ಒಂದು ನೀಲಿ, ಒಂದಕ್ಕಿಂತ ಒಂದು ಮಸುಕು. ಅದೆಲ್ಲ ಗಾಳಿಯ ಕೆಲಸ. ಚಂದ್ರನಲ್ಲಿ ಗಾಳಿಯೇ ಇಲ್ಲ. ದೂರದ ಬೆಟ್ಟವೂ ಕಾಲ ಕೆಳಗಿನ ಕಲ್ಲಿನಷ್ಟೇ ಸ್ಪಷ್ಟ. ದೂರ ತೋರಿಸಲು ಬೇರೆ ದಾರಿ ಹಿಡಿಯಬೇಕು: ಕುಳಿಗಳು ದೂರ ಹೋದ ಹಾಗೆ ತೆಳು ಗೆರೆಯಾಗಲಿ, ಹತ್ತಿರದ ದಿಬ್ಬ ದೂರದ್ದನ್ನು ಮರೆ ಮಾಡಲಿ. ದಿಗಂತ ಕೂಡ ಹತ್ತಿರ. ಒಂದು ಮೀಟರ್ ಎತ್ತರದ ಕಣ್ಣಿಗೆ ಅದು ಎರಡು ಕಿಲೋಮೀಟರಿಗಿಂತ ಕಡಿಮೆ ದೂರದಲ್ಲಿದೆ.

ಟೂತ್‌ಬ್ರಷ್‌ನಿಂದ ಗಾಢ ಮತ್ತು ತಿಳಿ ಬೂದು ಎರಡನ್ನೂ ಸಿಂಪಡಿಸಿದರೆ ಮಣ್ಣಿನ ಕಣ ಬರುತ್ತದೆ. ಆಕಾಶವನ್ನು ಪೇಪರಿನಿಂದ ಮುಚ್ಚಿಕೊಳ್ಳಿ.

ನೆರಳು ಆಕಾಶದಷ್ಟು ಕಪ್ಪಲ್ಲ. ಸುತ್ತಲಿನ ಬಿಸಿಲು ಬಿದ್ದ ನೆಲದಿಂದ ಸ್ವಲ್ಪ ಬೆಳಕು ಯಂತ್ರದ ಮೈಗೆ ತಾಗಿ ಮತ್ತೆ ನೆರಳಿಗೆ ಬೀಳುತ್ತದೆ. ನೀಲಿ, ಸಿಯೆನಾ ಮಾತ್ರ ಬೆರೆಸಿದ ಗಾಢ ಕಂದುಗಪ್ಪು ಹಾಕಿ. ಅಂಚು ಚಾಕುವಿನಿಂದ ಕೊಯ್ದ ಹಾಗೆ ಇರಲಿ.

ವಿಕ್ರಮ್‌ನ ಚಿನ್ನದ ಹಾಳೆಗೆ ಗೋಲ್ಡ್ ಕಲರ್ ಬೇಡವೇ ಬೇಡ. ಒಂದು ಚಾಕ್ಲೇಟಿನ ಚಿನ್ನದ ಕಾಗದ ಮುದುಡಿ, ಬಿಡಿಸಿ, ಟಾರ್ಚಿನ ಮುಂದೆ ಇಡಿ. ಅದರಲ್ಲಿ ಚಿನ್ನದ ಬಣ್ಣ ಎಷ್ಟಿದೆ ನೋಡಿ. ಒಂದು ಮಡಿಕೆ ಅಚ್ಚ ಬಿಳಿ, ಪಕ್ಕದ್ದು ಕಡು ಕಂದು, ಅದರ ಪಕ್ಕ ನಿಂಬೆ ಹಳದಿಯ ಒಂದು ಗೆರೆ, ಮತ್ತೆ ಕಪ್ಪು. ಸುತ್ತಲಿರುವುದು ಕಪ್ಪು ಆಕಾಶ, ಬೂದು ನೆಲ. ವಿಕ್ರಮ್‌ನ ಚಿನ್ನದ ಹಾಳೆ ಅದನ್ನೇ ತೋರಿಸುತ್ತದೆ. ಸಿಯೆನಾ ಮತ್ತು ಆಕರ್ ಹಾಕಿ, ಮೇಲೆ 1ನೇ ನಂಬರಿನ ಬ್ರಷ್‌ನಿಂದ ಸಣ್ಣ ಸಣ್ಣ ತ್ರಿಕೋನದ ಕಪ್ಪು ಬಿಳಿ ತುಂಡುಗಳು. ಸೋಲಾರ್ ಫಲಕಗಳಿಗೆ ನೀಲಿಗಪ್ಪು ಸಾಕು.

ಪ್ರಜ್ಞಾನ್ 26 ಕೆಜಿ, ಒಂದು ಅಕ್ಕಿ ಮೂಟೆಯಷ್ಟು. ಆರು ಚಕ್ರ, ಎದ್ದು ನಿಂತ ಸೋಲಾರ್ ಫಲಕ. ಅದರ ಹಿಂದೆ ಎರಡು ಸಾಲು ಜಾಡು ವಿಕ್ರಮ್‌ನ ಹಲಗೆಯವರೆಗೆ ಹೋಗಲಿ. ಜಾಡಿನ ಬಲದ ಅಂಚು ನೆರಳು, ಎಡದ ಅಂಚು ಬೆಳಕು. ಕುಳಿಗೆ ಕಲಿತದ್ದೇ ಇಲ್ಲೂ.

ಕೊನೆಗೆ ಭೂಮಿಯ ಟೇಪ್ ನಿಧಾನ ತೆಗೆಯಿರಿ. ಬಲ ಭಾಗಕ್ಕೆ ತಿಳಿ ನೀಲಿ, ಅದರ ಮೇಲೆ ಮೂರು ನಾಲ್ಕು ಬಿಳಿ ಮೋಡದ ಎಳೆ. ಎಡಕ್ಕೆ ಕಪ್ಪು. ದೇಶಗಳ ಗೆರೆ ಬೇಡ.

ಬೇರೆ ಲೋಕಗಳಿಗೆ

ಲೆಕ್ಕ ಅದೇ, ಬೆಳಕು ಬೇರೆ. ಗುರುಗ್ರಹದ ಉಪಗ್ರಹ ಅಯೋ ಮೇಲೆ ನಿಂತರೆ 19 ಡಿಗ್ರಿಗೂ ಜಾಸ್ತಿ ಅಗಲದ ಗುರು ಕಾಣುತ್ತದೆ. ಅಲ್ಲಿ ದೊಡ್ಡದಾಗಿ ಬರೆಯುವ ಆಸೆ ತೀರಿಸಿಕೊಳ್ಳಬಹುದು. ಮಂಗಳನಲ್ಲಿ ಧೂಳಿನ ಗಾಳಿ ಇದೆ, ದೂರದ ಬೆಟ್ಟ ಮಸುಕಾಗಲಿ. ಆಕಾಶ ಹಗಲು ಕಂದು ಹಳದಿ, ಮುಳುಗುವ ಸೂರ್ಯನ ಸುತ್ತ ನೀಲಿ. 1976ರಲ್ಲಿ ವೈಕಿಂಗ್ 1ರ ಮೊದಲ ಬಣ್ಣದ ಚಿತ್ರದಲ್ಲಿ ಆಕಾಶವನ್ನು ಮೊದಲು ನೀಲಿಯಾಗಿ ತೋರಿಸಿ, ಆಮೇಲೆ ತಿದ್ದಿದ್ದರು. ಶನಿಯ ಟೈಟಾನ್ ಮೇಲಿಂದ ಉಂಗುರ ಸಮೇತ ಶನಿ ಬರೆಯಬೇಡಿ. ಅಲ್ಲಿ ದಟ್ಟ ಕಿತ್ತಳೆ ಮಬ್ಬು, ಕಣ್ಣಿಗೆ ಶನಿ ಕಾಣುವುದಿಲ್ಲ.

ಬಣ್ಣದ ಕೈಯೂ ಯಂತ್ರದ ಕೈಯೂ ಸೇರಿದ ಒಂದು ದಿನ ನನಗೆ ಬಹಳ ಇಷ್ಟ. 1965ರ ಜುಲೈ 15. ಮ್ಯಾರಿನರ್ 4 ನೌಕೆ ಮಂಗಳದ ಹತ್ತಿರದಿಂದ ಮೊದಲ ಚಿತ್ರ ಕಳುಹಿಸುತ್ತಿತ್ತು, ಬರೀ ಅಂಕಿಗಳಾಗಿ, ತುಂಬಾ ನಿಧಾನ. ಅಮೆರಿಕದ ಜೆಪಿಎಲ್ ಪ್ರಯೋಗಾಲಯದ ಎಂಜಿನಿಯರ್‌ಗಳಿಗೆ ಕಾಯಲು ಆಗಲಿಲ್ಲ. ಅಂಕಿ ಅಚ್ಚಾದ ಕಾಗದದ ಪಟ್ಟಿಗಳನ್ನು ಸಾಲಾಗಿ ಅಂಟಿಸಿ, ಅಂಗಡಿಯಿಂದ ಪಾಸ್ಟಲ್ ತಂದು, ಒಂದೊಂದು ಅಂಕಿಗೆ ಒಂದೊಂದು ಬಣ್ಣ ತುಂಬಿದರು. ಹಳದಿ, ಕೆಂಪು, ಕಂದು.

ಹೆಜ್ಜೆ 7: ತಪಾಸಣೆ ಮತ್ತು ಹೆಸರು

ಚಿತ್ರವನ್ನು ತಲೆಕೆಳಗು ಮಾಡಿ ನೋಡಿ. ಕುಳಿಗಳೆಲ್ಲ ಒಂದೇ ಥರ, ಎಲ್ಲವೂ ತಗ್ಗಾಗಿ ಇಲ್ಲವೇ ಎಲ್ಲವೂ ಉಬ್ಬಾಗಿ ಕಂಡರೆ ಬೆಳಕು ಸರಿಯಾಗಿದೆ. ಒಂದೆರಡು ಮಾತ್ರ ಬೇರೆ ಥರ ಕಂಡರೆ ಅವುಗಳ ನೆರಳು ತಿರುಗುಮುರುಗಾಗಿದೆ, ತಿದ್ದಿ. ಆಮೇಲೆ ಒಂದು ಚಿಕ್ಕ ಮಗುವಿಗೆ ತೋರಿಸಿ, ಸೂರ್ಯ ಎಲ್ಲಿದ್ದಾನೆ ಅಂತ ಕೇಳಿ.

ಇಂಟರ್‌ನೆಟ್‌ಗೆ ಹಾಕುವುದಾದರೆ ಚಿತ್ರದ ಮೇಲೆಯೇ "ಕಲಾವಿದರ ಕಲ್ಪನೆ" ಎಂದು ಬರೆಯಿರಿ, ಕೆಳಗೆ ಬರೆದರೆ ಕತ್ತರಿಸಿ ಹಂಚುತ್ತಾರೆ. 2023ರಲ್ಲಿ ಚಂದ್ರನ ಮಣ್ಣಿನ ಮೇಲೆ ಅಶೋಕ ಲಾಂಛನದ ಅಚ್ಚು ಸ್ಪಷ್ಟವಾಗಿ ಮೂಡಿದ ಒಂದು ಚಿತ್ರ ಮೊಬೈಲಿಂದ ಮೊಬೈಲಿಗೆ ಹರಿದಾಡಿತು. ಅದು ಕಂಪ್ಯೂಟರ್‌ನಲ್ಲಿ ಮಾಡಿದ ಚಿತ್ರ. ಎಷ್ಟೋ ಜನ ಫೋಟೋ ಅಂತಲೇ ನಂಬಿದರು.

ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ಇಷ್ಟು ಬರೆದಿಡಿ: 25 ಆಗಸ್ಟ್ 2023, ಸಂಜೆ 6, ಸೂರ್ಯ 15 ಡಿಗ್ರಿ ಬಲಕ್ಕೆ, ಭೂಮಿ 17 ಡಿಗ್ರಿ. ಮುಂದಿನ ಸಲ ಅದೇ ಟ್ರೇಯಲ್ಲಿ ಟಾರ್ಚ್ ಸ್ವಲ್ಪ ಮೇಲಕ್ಕೆತ್ತಿ ಚಂದ್ರನ ಮಧ್ಯಾಹ್ನ ಬರೆಯುವಾಗ ಬೇಕಾಗುತ್ತದೆ.